ಪಟ್ಟಿಯಡಿಯ ಬೆರಳು

ತಿಮೋರ್ ಸೀಮೆಯ ಆ ಗುಡ್ಡದ ಊರಿನಲ್ಲಿ ಎರ್ಮೆಲಿಂಡಾ ತೇಫಾಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ತೂಕದಮ್ಮ. ತಿಂಗಳಿಗೊಮ್ಮೆ ಹುಣಸೆಕೊಂಬೆಗೆ ತಕ್ಕಡಿ ಕಟ್ಟಿ ಕೂಸುಗಳನ್ನು ತೂಗುವಳು. ಆಮೇಲೆ ರಟ್ಟೆಗೆ ಬಣ್ಣದ ಪಟ್ಟಿ ಸುತ್ತುವಳು. ಹಸಿರಿಗೆ ನಿಂತರೆ ಕ್ಷೇಮ, ಹಳದಿಯಾದರೆ ಎಚ್ಚರ, ಕೆಂಪಿಗಿಳಿದರೆ ಕೂಸು ಒಣಗುತ್ತಿದೆ ಎಂದು ಲೆಕ್ಕ. ಕೆಂಪಿನ ಕೂಸಿಗೆ ಕೆಳಗಿನ ಆಸ್ಪತ್ರೆಯಲ್ಲಿ ಆರೈಕೆ ಸಿಗುತ್ತಿತ್ತು.

ನಮ್ಮೂರಲ್ಲಿ ಕೆಂಪೇ ಇಲ್ಲ ಎನ್ನುವಾಗ ಅವಳ ಕತ್ತು ಹುಂಜದ ಕತ್ತಿನಂತೆ ನೆಟ್ಟಗಾಗುತ್ತಿತ್ತು. ಇಲ್ಲದ್ದಕ್ಕೆ ಕಾರಣ ಅವಳ ತೋರುಬೆರಳು. ರಟ್ಟೆ ತೀರ ಕಡ್ಡಿಯಾಗಿದ್ದರೆ ಪಟ್ಟಿಯಡಿ ಬೆರಳು ತೂರಿಸುವಳು, ಕೆಂಪು ಹಳದಿಯಾಗುವುದು. ಕೆಂಪು ಬಿದ್ದ ಮನೆಯವರನ್ನು ಮೈಗಳ್ಳರೆಂದು ಊರು ಆಡಿಕೊಳ್ಳುತ್ತದೆ; ತಾಯಂದಿರ ಮಾನ ಕಾಯುತ್ತಿದ್ದೇನೆ ಎಂದೇ ಅವಳ ನಂಬಿಕೆ.

ಒಲೆಯ ಮೇಲೆ ತೂಗುಹಾಕಿದ್ದ ಹಳೆಯ ಜೋಳ ಮುಗಿದು, ಹೊಲದ ತೆನೆ ಇನ್ನೂ ಹಾಲುಗಟ್ಟದ ತಿಂಗಳದು. ಸೊಸೆ ಒಲಿವಾ ಮಗ ಯೋರಿಸನನ್ನು ಎತ್ತಿಕೊಂಡು ಸಾಲಿನಲ್ಲಿ ಬಂದಳು. ತಗ್ಗಿದ ದನಿಯಲ್ಲಿ, "ಅತ್ತೆ, ಇವ್ನು ಆಡೋದೇ ಬಿಟ್ಟವ್ನೆ. ಇವತ್ತು ಬೆರಳು ಬೇಡ," ಎಂದಳು.

"ತೂಕದಮ್ಮನ ಮನೇಲೇ ಕೆಂಪು ಅಂದ್ರೆ ನಾಳೆ ನಾನು ತಲೆ ಎತ್ಕಂಡು ತಿರುಗಾಡ್ಲಾ?"

ಬೆರಳು ಹೋಯಿತು, ಹಳದಿ ಬಂತು.

ಅಳತೆ ಮುಗಿಯುವ ಹೊತ್ತಿಗೆ ಆಸ್ಪತ್ರೆಯಿಂದ ನರ್ಸ್ ಕತಾರಿನಾ ಬಂದಳು. ಹಂದಿ ಮದುವೆಗೆ, ಮೊಟ್ಟೆ ನೆಂಟರಿಗೆ. ಮನೆಯ ಕೂಸಿಗೆ ಗಂಜಿ. ಇದು ಅಲ್ಲಿನ ಹಿರಿಯರ ಕಾಲದ ಕಟ್ಟು. ಎರ್ಮೆಲಿಂಡಾ ಜೋಳದ ಗಂಜಿಯ ಮೇಲೆ ಬೇಯಿಸಿದ ಮೊಟ್ಟೆಯಿಟ್ಟು ನರ್ಸಿನ ಮುಂದೆ ಹಿಡಿದಳು. ಯೋರಿಸ್ ತಾಯಿಯ ತೊಡೆಯಿಂದ ಮೊಟ್ಟೆಯನ್ನೇ ನೋಡಿದ. ಅಳಲಿಲ್ಲ, ಕೈ ಚಾಚಲಿಲ್ಲ. ನರ್ಸ್ ಅರ್ಧ ಮುರಿದು ಅವನ ಅಂಗೈಗಿಟ್ಟಳು. ಅವನು ಅದನ್ನು ಹಿಡಿದುಕೊಂಡೇ ಕುಳಿತ; ಬಾಯಿಯವರೆಗೆ ಎತ್ತಲಿಲ್ಲ.

ಇವನನ್ನು ಅಳೆದವರು ಯಾರೆಂದು ನರ್ಸ್ ಕೇಳಿದಳು.

ಅಡಿಕೆ ಜಗಿಯುತ್ತಿದ್ದ ನೆರೆಮನೆಯ ಸೋಫಿಯಾ ಪಿಚಕ್ಕನೆ ಉಗಿದು, "ದಪ್ಪ ಆಗಿರೋದು ತೂಕದಮ್ಮನ ಬೆರಳು ಕಣಮ್ಮ, ನಮ್ ಮಕ್ಳಲ್ಲ," ಎಂದಳು.

ಹೆಂಗಸರೆಲ್ಲ ನಕ್ಕರು. ಆ ನಗೆಯಲ್ಲೇ ಎರ್ಮೆಲಿಂಡಾಳಿಗೆ ತಿಳಿಯಿತು: ತಾನು ಮುಚ್ಚಿದ್ದು ಊರಿಗೆಲ್ಲ ಗೊತ್ತು. ಸೋಫಿಯಾ ಮಾತ್ರ ನಗುತ್ತಿರಲಿಲ್ಲ. ತನ್ನ ಮಗಳನ್ನು ಮುಂದಕ್ಕೆ ದೂಡಿ, "ಹೋದ್ ತಿಂಗ್ಳು ಇವಳ ಮಾನಾನೂ ಉಳಿಸಿದ್ಯಲ್ಲಕ್ಕ. ಈಗ ಜೀವ ಉಳ್ಸು," ಎಂದಳು.

ಎರ್ಮೆಲಿಂಡಾ ಪಟ್ಟಿ ಎತ್ತಿಕೊಂಡಳು. ಮೊದಲು ಮೊಮ್ಮಗನ ರಟ್ಟೆಗೇ ಸುತ್ತಿದಳು, ನಡುವೆ ಬೆರಳಿರಲಿಲ್ಲ.

"ಕೆಂಪು," ಎಂದಳು ಎರ್ಮೆಲಿಂಡಾ.

ಸೋಫಿಯಾಳ ಮಗಳದ್ದೂ ಕೆಂಪು. ಒಲಿವಾಳ ರಟ್ಟೆಯೂ ಹಾಲೂಡಿಸುವ ತಾಯಿಗೆ ಇರಬೇಕಾದಷ್ಟು ದಪ್ಪ ಇರಲಿಲ್ಲ. ಒಂದೇ ಸೂರಿನಡಿ ಇದ್ದ ಸೊಸೆಯ ತೋಳನ್ನು ಅತ್ತೆ ಅಂದೇ ಮೊದಲು ಮುಟ್ಟಿದ್ದು. ಎರಡು ಕೂಸುಗಳೂ ತಾಯಂದಿರ ಜೊತೆ ನರ್ಸಿನ ಗಾಡಿಯಲ್ಲಿ ಗುಡ್ಡ ಇಳಿದವು.

ಹೊಸ ಜೋಳ ಮನೆಗೆ ಬರುವ ಹೊತ್ತಿಗೆ ಯೋರಿಸ್ ಕೋಳಿಗಳನ್ನು ಅಟ್ಟಿಸಿಕೊಂಡು ಓಡುತ್ತಿದ್ದ. ನರ್ಸ್ ಮತ್ತೆ ಬಂದಳು. ಎರ್ಮೆಲಿಂಡಾ ತಂದಿಟ್ಟ ತಟ್ಟೆಯಲ್ಲಿ ಗಂಜಿ, ನುಗ್ಗೆಸೊಪ್ಪು, ಅಷ್ಟೆ.

"ಮೊಟ್ಟೆ ಹುಡುಗ ತಿಂದ," ಎಂದಳು ನೆಲ ನೋಡುತ್ತ. ನೆಂಟರ ತಟ್ಟೆಯಲ್ಲಿ ಮೊಟ್ಟೆ ಇಲ್ಲದ್ದಕ್ಕೂ ನಾಚಿಕೆ. ಮೊಮ್ಮಗನ ತಟ್ಟೆಯಲ್ಲಿ ಅಷ್ಟು ಕಾಲ ಅದು ಇಲ್ಲದ್ದಕ್ಕೂ ನಾಚಿಕೆ. ನರ್ಸ್ ಗಂಜಿ ಉಂಡು ತಟ್ಟೆ ಕೆಳಗಿಡುವತನಕ ಅವಳು ತಲೆ ಎತ್ತಲಿಲ್ಲ.