ತಾವೇ ತೆಗೆದು, ತಾವೇ ಹಾಕಿಕೊಂಡವರು

ಕಿವಿ ಕೇಳಿಸದವರಿಗೆ ಶ್ರವಣಯಂತ್ರ ಮಾರುವ ಅಂಗಡಿಯಲ್ಲಿ ಅವಳಿಗೆ ಹದಿನಾಲ್ಕು ವರ್ಷದ ಕೆಲಸ. ಗಿರಾಕಿಗಳೆಲ್ಲ ಪ್ರೀತಿಯಿಂದ ಕಿವಿಯಮ್ಮ ಎನ್ನುತ್ತಿದ್ದರು. ದಿನವಿಡೀ ಕೂಗಿ ಮಾತಾಡಿ ಅವಳ ದನಿ ಎಷ್ಟು ಏರಿತ್ತೆಂದರೆ, ಮನೆಯಲ್ಲಿ ಗಂಡ ದಿನಕ್ಕೊಮ್ಮೆಯಾದರೂ, "ನನ್ನ ಕಿವಿ ಸರಿಯಾಗೇ ಇದೆ, ಸ್ವಲ್ಪ ಮೆಲ್ಲಗೆ" ಎಂದು ಕೈಮುಗಿಯುತ್ತಿದ್ದ.

ಕೊಂಡವರು ಇಷ್ಟವಾಗದಿದ್ದರೆ ಎರಡು ತಿಂಗಳೊಳಗೆ ಯಂತ್ರವನ್ನು ಹಿಂದಿರುಗಿಸಬಹುದಿತ್ತು. ಹತ್ತರಲ್ಲಿ ನಾಲ್ವರು ಹಾಗೇ ಮಾಡುತ್ತಿದ್ದರು. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಏನೋ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ಹೋಗುವ ಮುದುಕರನ್ನು ಅವಳು ಬಾಗಿಲವರೆಗೂ ಹೋಗಿ ಬೀಳ್ಕೊಡುತ್ತಿದ್ದಳು.

ಯಂತ್ರ ಎಷ್ಟು ಗಂಟೆ ಕಿವಿಯಲ್ಲಿತ್ತು, ದಿನಕ್ಕೆ ಎಷ್ಟು ಸಲ ತೆಗೆದು ಹಾಕಿದಾಗ ಆನ್ ಆಯಿತು ಎಂಬುದು ಅದರೊಳಗೇ ದಾಖಲಾಗಿ, ತಪಾಸಣೆಗೆ ತಂದಾಗ ಅಂಗಡಿಯ ಕಂಪ್ಯೂಟರಿಗೆ ಇಳಿಯುತ್ತಿತ್ತು. ಮಾಲೀಕರು ನೋಡುತ್ತಿದ್ದುದು ಗಂಟೆಗಳನ್ನು ಮಾತ್ರ. "ಹೆಚ್ಚು ಹೊತ್ತು ಹಾಕ್ಕೊಂಡೋರು ಇಟ್ಕೋತಾರೆ, ಅದರಲ್ಲೇನಿದೆ?" ಎನ್ನುತ್ತಿದ್ದರು. ಆದರೆ ಒಂದು ದಿನ, ದಿನಕ್ಕೆ ಹನ್ನೆರಡು ಗಂಟೆ ಹಾಕಿಕೊಂಡಿದ್ದ ಮುದಿ ಬಡಗಿಯೊಬ್ಬ ಡಬ್ಬಿ ಹಿಡಿದು ಬಂದ.

"ಇಷ್ಟು ಹೊತ್ತು ಹಾಕ್ಕೊಂಡಿದ್ರಲ್ಲ ತಾತ, ಏನಾಯ್ತು?"

"ನಾನೆಲ್ಲಿ ಹಾಕ್ಕೊಂಡೆ? ಬೆಳಿಗ್ಗೆ ಸೊಸೆ ತುರುಕ್ತಾಳೆ, ರಾತ್ರಿ ಸೊಸೆ ಕೀಳ್ತಾಳೆ. ಕಿವಿ ಮಾತ್ರ ನಂದು!"

ಆ ಮಾತು ಅವಳ ತಲೆಯಲ್ಲಿ ಹುಳ ಬಿಟ್ಟಿತು. ಎರಡು ವರ್ಷದಲ್ಲಿ ಕೊಂಡ ಮುನ್ನೂರು ಜನರ ದಾಖಲೆ ತೆಗೆದು, ಮೊದಲ ಹದಿನೈದು ದಿನ ಯಾರು ಎಷ್ಟು ಸಲ ತೆಗೆದು ಹಾಕಿದ್ದಾರೆಂದು ಬಿಡುವು ಸಿಕ್ಕಾಗೆಲ್ಲ ಎಣಿಸಿದಳು. ಪದೇ ಪದೇ ತೆಗೆಯುವವರಿಗೆ ಯಂತ್ರ ಒಗ್ಗಿಲ್ಲ ಎಂದೇ ಅವಳು ಇಷ್ಟು ದಿನ ಅಂದುಕೊಂಡಿದ್ದಳು. ಆದದ್ದು ತದ್ವಿರುದ್ಧ. ದಿನಕ್ಕೆ ಐದಾರು ಸಲ ತೆಗೆದು ಹಾಕಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಯಂತ್ರ ಉಳಿಸಿಕೊಂಡಿದ್ದರು. ಬೆಳಿಗ್ಗೆ ಒಂದೇ ಸಲ ಹಾಕಿದವರಲ್ಲಿ ಅರ್ಧಕ್ಕರ್ಧ ಹಿಂದಿರುಗಿಸಿದ್ದರು.

ಮಾಲೀಕರು ಕುಣಿದಾಡಿಬಿಟ್ಟರು. "ಹಾಗಾದ್ರೆ ದಿನಕ್ಕೆ ಐದು ಸಲ ತೆಗೆದು ಹಾಕಿ ಅಂತ ಡಬ್ಬಿ ಮೇಲೆ ಚೀಟಿ ಅಂಟಿಸಿಬಿಡಿ!"

"ಮಳೆ ಬಂದ್ರೆ ಜನ ಕೊಡೆ ಬಿಚ್ತಾರೆ ಸಾರ್," ಎಂದಳು. "ಕೊಡೆ ಬಿಚ್ಚಿದ್ರೆ ಮಳೆ ಬರುತ್ತಾ?"

ಕಾರಣ ತಿಳಿಯದೆ ಅವಳಿಗೆ ಸಮಾಧಾನವಿರಲಿಲ್ಲ. ಉಳಿಸಿಕೊಂಡವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಒಬ್ಬ ಅಜ್ಜಿ ಕಿಸಕ್ಕನೆ ನಕ್ಕಳು. "ಮೊಮ್ಮಗಳು ಮಾತಾಡೋಕೆ ಬಂದ್ರೆ ಹಾಕ್ಕೋತೀನಿ. ನಮ್ಮ ಯಜಮಾನ್ರು ಉಪದೇಶ ಶುರು ಮಾಡಿದ್ರೆ ತೆಗೀತೀನಿ. ಐವತ್ತು ವರ್ಷದ ಸಂಸಾರದಲ್ಲಿ ಇಂಥ ಸೌಕರ್ಯ ಸಿಕ್ಕಿರ್ಲಿಲ್ಲಮ್ಮ!"

ಯಂತ್ರ ಹಾಕುವುದು, ತೆಗೆಯುವುದು ಅವರವರ ಕೈಯಲ್ಲೇ ಇರಬೇಕು, ಅಷ್ಟೇ ಎಂದು ಅವಳಿಗನ್ನಿಸಿತು. ಆದರೆ ಅನ್ನಿಸಿದ್ದೆಲ್ಲ ನಿಜವಾಗಬೇಕಲ್ಲ! ಮುಂದೆ ಬಂದ ನಲವತ್ತು ಜನರನ್ನು ಒಬ್ಬರು ಬಿಟ್ಟು ಒಬ್ಬರಂತೆ ಎರಡು ಪಾಲು ಮಾಡಿದಳು. ಇಪ್ಪತ್ತು ಜನರಿಗೆ ಎಂದಿನಂತೆ ಮಕ್ಕಳು ಸೊಸೆಯಂದಿರ ಎದುರು ಹೇಳಿಕೊಟ್ಟಳು. ಉಳಿದವರ ಮನೆಮಂದಿಯನ್ನು ಹೊರಗೆ ಕೂರಿಸಿ, ಕನ್ನಡಿ ಮುಂದಿಟ್ಟು, ನಡುಗುವ ಬೆರಳುಗಳು ತಾವಾಗಿಯೇ ಯಂತ್ರ ಹಾಕಿ ತೆಗೆಯುವವರೆಗೂ ಜೊತೆಗೆ ಕೂತಳು. ಕೆಲವರಿಗೆ ಒಂದು ಗಂಟೆ ಹಿಡಿಯಿತು, ಒಬ್ಬಾಕೆಗೆ ಮೂರು ದಿನ.

ಐದು ತಿಂಗಳ ಮೇಲೆ ಎಣಿಸಿದಾಗ, ಮೊದಲ ಪಾಲಿನಲ್ಲಿ ಯಂತ್ರ ಉಳಿಸಿಕೊಂಡವರು ಹನ್ನೆರಡು ಜನ, ಎರಡನೆಯದರಲ್ಲಿ ಹದಿನೇಳು. "ನಲವತ್ತು ಜನ ಸಾಲದು ಸಾರ್, ಇನ್ನಷ್ಟು ನೋಡೋಣ" ಎಂದು ಅವಳೇ ತಡೆದರೂ, ಮಾಲೀಕರು ಅಂಗಡಿಯ ಹಿಂದಿನ ಕೋಣೆಯನ್ನು ಖಾಲಿ ಮಾಡಿಸಿ, ಹೀಗೇ ಕಲಿಸಲೆಂದು ಅವಳಿಗೆ ಬಿಟ್ಟುಕೊಟ್ಟರು.

ಹದಿನೇಳರಲ್ಲಿ ಸೇರದ ಮೂವರಲ್ಲಿ ಒಬ್ಬ ನಿವೃತ್ತ ಅಂಚೆಯವ. ಅವನಷ್ಟು ಚೆನ್ನಾಗಿ ಕಲಿತವರೇ ಇರಲಿಲ್ಲ. ಅವನು ಡಬ್ಬಿ ತಂದಿಟ್ಟ ದಿನ, ಏಕೆ ಹಿಂದಿರುಗಿಸುತ್ತೀರಿ ಎಂದು ಕೇಳಿದ್ದಳು.

"ಯಂತ್ರದ್ದೇನೂ ತಪ್ಪಿಲ್ಲಮ್ಮ. ಮನೇಲಿ ನನ್ನ ಬಗ್ಗೆ ಏನೇನು ಮಾತಾಡ್ತಾರೆ ಅಂತ ಈಗ ಪೂರ್ತಿ ಕೇಳಿಸ್ತು. ಸಾಕು!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವನನ್ನು ಬಾಗಿಲವರೆಗೆ ಕಳಿಸಿ ಬಂದವಳು, ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ, ಚೆನ್ನಾಗಿ ಕಲಿತವನೆಂಬ ರಿಯಾಯಿತಿ ತೋರದೆ, 'ಹಿಂದಿರುಗಿಸಿದರು' ಎಂದು ನೆಟ್ಟಗೆ ಬರೆದಳು.