ಮಗಳೆತ್ತರದ ಬತ್ತಿ

ಹೋದ ಶನಿವಾರ ಫಾರ್ಮರ್ಸ್ ಮಾರ್ಕೆಟ್ಟಿನಲ್ಲಿ ಜೇನು ಮಾರುವವನ ಮೇಜಿನ ಮುಂದೆ ಕಾಲು ತಾನಾಗಿ ನಿಂತುಬಿಟ್ಟಿತು. ಮೂಲೆಯಲ್ಲಿ ಜೇನುಮೇಣದ ಹಳದಿ ಗಟ್ಟಿಗಳಿದ್ದವು. ಒಂದನ್ನೆತ್ತಿ ಮೂಸಿದೆ. ಮೊದಲು ಸಿಹಿ, ಅದರ ಹಿಂದೆಯೇ ಒಣಹುಲ್ಲಿನಂಥ ವಾಸನೆ... ಕೆಳಗಿನ ಮನೆಯ ಟೀಚರ ಅಡುಗೆಮನೆ ಕಣ್ಣ ಮುಂದೆ ಬಂದು ನಿಂತಿತು.

ಅದು ಎಲ್ಲೆಲ್ಲೂ ಕೆಲಸ ಹೋಗುತ್ತಿದ್ದ ಕಾಲ. ಅಮೆರಿಕದ ಎಡಿಸನ್ ಊರಿನ ಇದೇ ಅಪಾರ್ಟ್‌ಮೆಂಟಿನಲ್ಲಿ ನಾವು ಮೇಲೆ, ಅವರು ಕೆಳಗೆ. ಹೈಸ್ಕೂಲಿನಲ್ಲಿ ಯೂರೋಪಿನ ಇತಿಹಾಸ ಕಲಿಸಿ ನಿವೃತ್ತರಾಗಿದ್ದ ಅಮೆರಿಕನ್ ಹೆಂಗಸು, ಒಂಟಿ. ತುಂಬ ಎತ್ತರದ ಆಳು. ನಾನು ಮಣಿಯಲ್ಲಿ ಹೆಣೆದು ಬಾಗಿಲಿಗೆ ಕಟ್ಟಿದ್ದ ತೋರಣದ ನಡುವಿನ ಗಿಳಿ ಅವರ ನೆತ್ತಿಗೆ ಸರಿಯಾಗಿ ತಾಗುತ್ತಿತ್ತು. "ಇವತ್ತೂ ನಿನ್ನ ಗಿಳಿ ನನಗೆ ಆಶೀರ್ವಾದ ಮಾಡ್ತು" ಎನ್ನುತ್ತಲೇ ಒಳಗೆ ಬರುತ್ತಿದ್ದರು. ಅವರು ಆಡುತ್ತಿದ್ದುದು ಇಂಗ್ಲಿಷು. ನನಗೆ ನೆನಪಾಗುವುದು ಮಾತ್ರ ಕನ್ನಡದಲ್ಲಿ.

ಸಂಜೆ ಕಟ್ಟಡದ ಮಕ್ಕಳೆಲ್ಲ ಹೋಮ್‌ವರ್ಕ್ ಹಿಡಿದು ಅವರ ಅಡುಗೆಮನೆಯ ಮೇಜಿಗೆ ಮುತ್ತುತ್ತಿದ್ದರು. ಆಗಿನ್ನೂ ಒಂದನೇ ಕ್ಲಾಸಿನಲ್ಲಿದ್ದ ನನ್ನ ಮಗಳೂ ಹೋಗಿ ಕೂರುತ್ತಿದ್ದಳು. ಅವಳನ್ನು ಕರೆಯಲು ಕೋಡುಬಳೆ ತಟ್ಟೆ ಹಿಡಿದು ಹೋದ ನಾನೂ ಕೂತುಬಿಡುತ್ತಿದ್ದೆ. ಮೈಸೂರಿನ ಕಾಲೇಜಿನಲ್ಲಿ ನಾನು ಓದಿದ ಚರಿತ್ರೆ ಎಂದರೆ ಇಸವಿಗಳ ಉರು. ಇಲ್ಲಿ ನೋಡಿದರೆ, ಸತ್ತು ನೂರಾರು ವರ್ಷವಾದ ಜನ ಪಕ್ಕದ ಕೋಣೆಯಲ್ಲಿ ಓಡಾಡುತ್ತಿರುವ ಹಾಗಿತ್ತು.

"ಮಿಸ್, ಮಧ್ಯಯುಗದವರು ಸ್ನಾನಾನೇ ಮಾಡ್ತಿರಲಿಲ್ಲವಂತೆ?"

"ಯಾರು ಹೇಳಿದ್ದು ನಿನಗೆ?" ಯಾವ ಪ್ರಶ್ನೆಗೂ ಅವರ ಮೊದಲ ಮಾತು ಅದೇ. "ಊರೂರಲ್ಲೂ ಸ್ನಾನದ ಮನೆಗಳಿದ್ದವು. ಅದಿರಲಿ, ನೀನು ಇವತ್ತು ಮಾಡಿದ್ದೀಯೋ?"

ಭೂಮಿ ಚಪ್ಪಟೆ ಅಂದುಕೊಂಡಿದ್ದರಂತೆ? ಯಾರು ಹೇಳಿದ್ದು? ಓದಿದವರಿಗೆಲ್ಲ ಅದು ಗುಂಡಗಿರುವುದು ಗೊತ್ತಿತ್ತು. ಎಲ್ಲರೂ ಮೂವತ್ತಕ್ಕೇ ಸಾಯುತ್ತಿದ್ದರಂತೆ? ಆ ಪ್ರಶ್ನೆಗೆ ಮಾತ್ರ ಅವರ ದನಿ ತಗ್ಗಿತು. ಎಳೆಗೂಸುಗಳು ತುಂಬ ಹೋಗುತ್ತಿದ್ದವು, ಅದಕ್ಕೇ ಸರಾಸರಿ ಅಷ್ಟು ಕೆಳಗೆ. ಉಳಿದ ಮಕ್ಕಳು ಅಜ್ಜ ಅಜ್ಜಿಯರಾಗುವವರೆಗೂ ಬದುಕಿದ್ದುಂಟು ಎಂದರು.

ನಾನು ಅಂಜುತ್ತಲೇ ಕೇಳಿದೆ: "ಮಗುವಿಗೆ ಜ್ವರ ಬಂದರೆ ಆ ತಾಯಂದಿರು ಏನು ಮಾಡ್ತಿದ್ರು?"

ಇಂಗ್ಲೆಂಡಿನ ಕಡೆ ಒಂದು ಹರಕೆ ಇತ್ತಂತೆ. ಕಾಯಿಲೆ ಬಿದ್ದ ಮಗುವನ್ನು ನೆತ್ತಿಯಿಂದ ಪಾದದವರೆಗೆ ದಾರದಲ್ಲಿ ಅಳೆಯುವುದು. ಆ ದಾರವನ್ನೇ ಬತ್ತಿ ಮಾಡಿ, ಮೇಣ ಮೆತ್ತಿ, ಸುರುಳಿ ಸುತ್ತಿ, ಸಂತರ ಸಮಾಧಿಯ ಮುಂದೆ ಹಚ್ಚಿಡುವುದು. ಮಗು ಎಷ್ಟು ಉದ್ದವೋ ಬತ್ತಿಯೂ ಅಷ್ಟೇ ಉದ್ದ. ಯಾವ ದೇಶ, ಯಾವ ದೇವರು, ಎಷ್ಟು ವರ್ಷಗಳ ಹಿಂದಿನ ಮಾತು! ನಾವು ಅರಿಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿಡುವಾಗ ನಡುಗುವ ಕೈ, ಅಲ್ಲಿಯೂ ದಾರ ಹಿಡಿದು ಹೀಗೇ ನಡುಗಿರಬೇಕಲ್ಲ...

"ನೀವು ಇದನ್ನೆಲ್ಲ ನಂಬ್ತೀರಾ?"

"ದೇವರ ವಿಷಯ ನನಗೆ ಗೊತ್ತಿಲ್ಲಮ್ಮ. ದಾರ ಹಿಡಿದ ಆ ಹೆಂಗಸರನ್ನಂತೂ ನಂಬ್ತೀನಿ."

ಆ ಚಳಿಗಾಲ ನಮ್ಮವರ ಕೆಲಸ ಹೋಯಿತು, ಜೊತೆಗೆ ಇನ್ಶೂರೆನ್ಸೂ ಹೋಯಿತು. ಅಷ್ಟರಲ್ಲಿ ಗ್ರೀನ್ ಕಾರ್ಡ್ ಬಂದಿದ್ದರಿಂದ ದೇಶ ಬಿಡಬೇಕಾಗಲಿಲ್ಲ, ಅದೊಂದು ದೇವರು ದೊಡ್ಡವನು. ಬೆನ್ನಿಗೇ ಮಗಳಿಗೆ ಕೆಮ್ಮು, ಜ್ವರ, ಕೊನೆಗೆ ನ್ಯುಮೋನಿಯಾ. ಔಷಧಿ ಕೊಟ್ಟ ಡಾಕ್ಟರು, ಇದರಲ್ಲೂ ಇಳಿಯದಿದ್ದರೆ ಆಸ್ಪತ್ರೆಗೆ ಸೇರಿಸಬೇಕು ಎಂದಿದ್ದರು. ನಮ್ಮವರು ಆಸ್ಪತ್ರೆಯ ಖರ್ಚಿನ ಲೆಕ್ಕ ಹಾಕುತ್ತಾ ಕೂತಿದ್ದರು. ಎಬ್ಬಿಸಿ ಕೂರಿಸಿದರೆ ಮಗು ಹಾಗೇ ಪಕ್ಕಕ್ಕೆ ವಾಲುತ್ತಿತ್ತು.

ಬತ್ತಿ ಹೊಸೆಯಲೆಂದು ಊರಿಂದ ತಂದಿದ್ದ ಹತ್ತಿಯ ನೂಲುಂಡೆ ತೆಗೆದೆ. ಅಳೆಯುವ ಮುಂಚೆ ಒಂದು ಮಾತು ಹೇಳೋಣವೆಂದು ಮೈಸೂರಿಗೆ ಅತ್ತೆಗೆ ಫೋನ್ ಮಾಡಿದೆ.

"ಅಯ್ಯೋ, ಮಲಗಿರೋ ಮಗೂನ ಯಾರಾದ್ರೂ ಅಳೀತಾರೇನೇ? ಬಿಡ್ತು ಅನ್ನು! ಮಲಗಿಸಿ ಅಳೆಯೋದು ಹೋದವರನ್ನ."

ಕೈಯಿಂದ ಉಂಡೆ ಜಾರಿ ಮಂಚದಡಿ ಉರುಳಿತು. ಅದನ್ನೆತ್ತಿಕೊಂಡು ಅಳುತ್ತಲೇ ಕೆಳಗಿಳಿದು ಹೋಗಿ ಎಲ್ಲ ಹೇಳಿದೆ. ನಗುತ್ತಾರೇನೋ ಅಂದುಕೊಂಡಿದ್ದೆ. ಟೀಚರ್ ನಗಲಿಲ್ಲ. "ನಿಮ್ಮತ್ತೆ ಹೇಳಿದ ಮೇಲೆ ಮುಗೀತು. ಮಗು ಎದ್ದು ನಿಲ್ಲಲಿ, ಆಮೇಲೆ ಅಳೆಯೋಣ" ಎಂದು ಉಂಡೆಯನ್ನು ತಮ್ಮ ಸ್ವೆಟರಿನ ಜೇಬಿಗೆ ಹಾಕಿಕೊಂಡರು.

ಅಂದಿನಿಂದ ಸಂಜೆಯಾದರೆ ಸಾಕು, ಗಿಳಿಯ ಕೈಲಿ ತಲೆ ಮುಟ್ಟಿಸಿಕೊಂಡು ಬಂದು ಮಂಚದ ಪಕ್ಕ ಕೂರುತ್ತಿದ್ದರು. ನಾನು ದೇವರ ಮುಂದೆ ಕೂತು ಸ್ತೋತ್ರ ಹೇಳುತ್ತಿದ್ದರೆ ಕೋಣೆಯಿಂದ ಕತ್ತಿ, ಕುದುರೆ, ಕೋಟೆಗಳ ಮಾತು ಕೇಳುತ್ತಿತ್ತು. ಒಂದು ಸಂಜೆ ಮಗಳ ಸಣ್ಣ ದನಿ: ಕಬ್ಬಿಣದ ಕವಚ ತೊಟ್ಟ ಸೈನಿಕರು ಬಿದ್ದರೆ ತಾವಾಗಿ ಏಳುವುದಕ್ಕೇ ಆಗುತ್ತಿರಲಿಲ್ಲ, ಅಲ್ಲವಾ?

"ಯಾರು ಹೇಳಿದ್ದು ನಿನಗೆ?" ಟೀಚರ್ ರೇಗಿಯೇಬಿಟ್ಟರು. "ಅದನ್ನು ತೊಟ್ಟುಕೊಂಡೇ ಓಡ್ತಿದ್ರು, ಕುದುರೆ ಹತ್ತುತ್ತಿದ್ರು. ಬಿದ್ದರೆ ಥಟ್ಟನೆ ಏಳ್ತಿದ್ರು."

ಮಗಳು ಕಂಬಳಿ ಸರಿಸುವ ಸದ್ದು. ಆಮೇಲೆ, "ದೆನ್ ಐ ಕ್ಯಾನ್ ಟೂ."

ಆವತ್ತು ಅವಳಿಗೆ ಏಳಲು ಆಗಲಿಲ್ಲ. ಮಾರನೆಯ ದಿನವೂ ಆಗಲಿಲ್ಲ. ಅದರ ಮಾರನೆಯ ಮಧ್ಯಾಹ್ನ ಮೈಯೆಲ್ಲ ಬೆವರಿ ಜ್ವರ ಬಿಟ್ಟಿತು. ಸಂಜೆ ನಾನು ಗಂಜಿ ಕಲಸುತ್ತಿದ್ದಾಗ ಒಳಗಿಂದ ಕೂಗು. "ಅಮ್ಮಾ, ಲುಕ್! ನೋ ಹ್ಯಾಂಡ್ಸ್!" ಮಂಚದ ಪಕ್ಕ, ಎರಡು ಕಾಲ ಮೇಲೆ, ಓಲಾಡುತ್ತಾ ನಿಂತಿದ್ದಾಳೆ! ಟೀಚರ್ ಜೇಬಿನಿಂದ ಉಂಡೆ ತೆಗೆದರು. ನೆತ್ತಿಯ ಮೇಲೆ ಅವರು ಹಿಡಿದರು, ಹಿಮ್ಮಡಿಯ ಬಳಿ ನಾನು. ಅಷ್ಟು ವಿಷಯ ತಿಳಿದಿದ್ದ ಆ ಕೈ ನನ್ನ ಕೈಗಿಂತ ಹೆಚ್ಚು ನಡುಗುತ್ತಿತ್ತು.

ಅವರ ಒಲೆಯ ಮೇಲೆ ಜೇನುಮೇಣ ಕರಗಿಸಿದೆವು. ಬತ್ತಿಯನ್ನು ಅದ್ದಿ ಆರಿಸಿ, ಮತ್ತೆ ಅದ್ದಿ, ಬೆಚ್ಚಗಿರುವಾಗಲೇ ಚಕ್ಕುಲಿಯ ಹಾಗೆ ಸುತ್ತಿದೆವು. ಮನೆಯೊಳಗೆ ಹಚ್ಚಿದರೆ ಸ್ಮೋಕ್ ಅಲಾರಂ ಬಡಿದುಕೊಳ್ಳುತ್ತದೆಂದು ಹಿಂದಿನ ಮೆಟ್ಟಿಲ ಮೇಲೆ, ಹಿಮ ಸರಿಸಿ ಇಟ್ಟೆವು. ಕಿಟಕಿಯ ಹಿಂದೆ ಕಂಬಳಿ ಹೊದ್ದು ಮಗಳು. ಗಾಳಿಗೆ ಕೊಡೆ ಅಡ್ಡ ಹಿಡಿದು ನಮ್ಮವರು ಬಗ್ಗಿ ನಿಂತಿದ್ದರು. ನಾನು ಕೈ ಮುಗಿದೆ. ಟೀಚರ್ ಮುಗಿಯಲಿಲ್ಲ. ಆ ಚಳಿಯಲ್ಲಿ ಉಣ್ಣೆಯ ಟೋಪಿ ತೆಗೆದು ಬರಿತಲೆಯಲ್ಲಿ, ಸುರುಳಿ ಪೂರ್ತಿ ಉರಿದು ಮುಗಿಯುವವರೆಗೆ ನಿಂತೇ ಇದ್ದರು.

ವಸಂತಕ್ಕೆ ನಮ್ಮವರಿಗೆ ಕೆಲಸ ಸಿಕ್ಕಿತು. ಸಂಬಳ ಕಡಿಮೆ, ಆದರೆ ಇನ್ಶೂರೆನ್ಸ್ ಇತ್ತು, ಅಷ್ಟು ಸಾಕಾಗಿತ್ತು. ಅದೇ ವರ್ಷ ಟೀಚರ್ ಬೇರೆ ರಾಜ್ಯದಲ್ಲಿದ್ದ ತಂಗಿಯ ಮನೆಗೆ ಹೋಗಿಬಿಟ್ಟರು. ಪ್ರತಿ ದೀಪಾವಳಿಗೆ ಫೋನ್ ಮಾಡಿ "ಹುಡುಗಿ ಈಗ ಎಷ್ಟು ಉದ್ದ?" ಎಂದು ಕೇಳುತ್ತಿದ್ದರು. ಮಗಳು ನನ್ನನ್ನು ಮೀರಿ ಬೆಳೆದು ಯಾವ ಕಾಲವಾಯಿತು... ಹೋದ ತಿಂಗಳು ಅವರ ನಂಬರಿನಿಂದ ತಂಗಿಯ ದನಿ ಕೇಳಿತು. ನಿದ್ದೆಯಲ್ಲೇ ಹೋದರಂತೆ, ಮಣ್ಣೂ ಆಗಿದೆಯಂತೆ.

ಮಾರ್ಕೆಟ್ಟಿನಿಂದ ಆ ಜೇನುಮೇಣದ ಗಟ್ಟಿಗಳನ್ನು ಮನೆಗೆ ತಂದೆ.

"ಇಷ್ಟೊಂದು ಯಾಕೇ?" ಎಂದರು ನಮ್ಮವರು.

ನೂಲುಂಡೆ ಹುಡುಕಿ ತೆಗೆದೆ. ಬಾಗಿಲಲ್ಲಿ ಅದೇ ತೋರಣ, ಗಿಳಿಯ ಒಂದು ಕಣ್ಣಿನ ಮಣಿ ಉದುರಿದೆ. ದಾರದ ತುದಿಯನ್ನು ಗಿಳಿಯ ಬಳಿ ನಮ್ಮವರ ಕೈಗೆ ಕೊಟ್ಟು, ನಾನು ಹೊಸಿಲ ಬಳಿ ಕುಕ್ಕರಗಾಲಲ್ಲಿ ಕೂತು ಎಳೆದು ಹಿಡಿದೆ.

"ಸಡಿಲ ಬಿಡಬೇಡಿ ಅಂದ್ರೆ."

"ಇಲ್ಲ ಕಣೇ, ಹಿಡಿದಿದ್ದೀನಿ." ಅವರು ದಾರವನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಇಷ್ಟು ಎತ್ತರ ಇದ್ರಾ ಟೀಚರ್?"

"ಇದ್ರು" ಎಂದೆ.