ಗೆರೆ ಏಳದ ದಿನ

ವರ್ಷದ ಕರೆಂಟ್ ಬಿಲ್ಲಿನ ಜೊತೆ ನಾಖ್‌ತ್ಸಾಲುಂಗ್ ಬಂದಾಗ, ಅಂದರೆ ಕಟ್ಟಿದ್ದು ಸಾಲದು ಇನ್ನಷ್ಟು ಕಟ್ಟಿ ಎನ್ನುವ ಕಾಗದ ಬಂದಾಗ, ನನ್ನ ಗಂಡ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು; ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವರು ಎಂಜಿನಿಯರ್. ಬಾಗಿಲ ಪಕ್ಕದ ಮೀಟರಿಗೆ ಬೆಂಕಿಪೊಟ್ಟಣದಷ್ಟು ಚಿಕ್ಕ ಮಾನಿಟರ್ ಅಂಟಿಸಿದರು, ಇಬ್ಬರ ಫೋನಿಗೂ ಅದರ ಆಪ್ ಹಾಕಿದರು, “ಹಾಸಿಗಿ ಇದ್ದಷ್ಟ ಕಾಲ ಚಾಚಬೇಕ” ಎಂದು ಒಂದು ಗಾದೆ ಹೇಳಿದರು, ಭಾನುವಾರದ ರೈಲು ಹತ್ತಿ ಹರ್ಟ್ಸೋಗೆನಾವ್‌ರಾಕ್ ಕಡೆ ಹೊರಟುಹೋದರು. ಅವರ ಹೊಸ ಪ್ರಾಜೆಕ್ಟು ಅಲ್ಲಿ. ಮನೆಗೆ ಬರುವುದು ತಿಂಗಳಿಗೆ ಒಂದೆರಡು ಸಲ. ನಾನು ಸ್ಟುಟ್‌ಗಾರ್ಟಿನ ಏರುರಸ್ತೆಯ ಮನೆಯಲ್ಲಿ ಒಬ್ಬಳೇ. ಜರ್ಮನ್ ಕೋರ್ಸು ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ.

ಆಪ್ ತೆರೆದರೆ ಒಂದು ಗೆರೆ. ಮನೆಯಲ್ಲಿ ಏನಾದರೂ ಹಚ್ಚಿದರೆ ಏಳುತ್ತದೆ, ಆರಿಸಿದರೆ ಮಲಗುತ್ತದೆ. ನಾನು ಇಲ್ಲಿ ಕರೆಂಟ್ ಒಲೆಯ ಮೇಲೆ ರೊಟ್ಟಿಗೆ ಹಂಚು ಇಟ್ಟರೆ ಅಲ್ಲಿ ಅವರ ಫೋನಿನಲ್ಲಿ ಗುಡ್ಡ ಏಳುತ್ತಿತ್ತು. ಮೊದಲ ವಾರವೇ ಫೋನ್ ಬಂತು.

“ಏನ ಹಚ್ಚೀ ಈಗ?”

“ರೊಟ್ಟಿ ಮಾಡಾಕತ್ತೇನ್ರಿ.”

“ಒಬ್ಬಾಕಿಗೆ ಎಷ್ಟ ರೊಟ್ಟಿ ಬೇಕ?”

ನಾನು ಕುಂಬಳಕಾಯಿ ಕಳ್ಳಿಯ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ, ನಿಜ. ಆದರೆ ಅವರು ಫೋನ್ ಇಡಲಿಲ್ಲ. ಪಲ್ಯ ಏನು ಎಂದರು. ಬದನೆಕಾಯಿ ಎಂದೆ. ಕ್ಯಾಂಟೀನಿನಲ್ಲಿ ದಿನಾ ಆಲೂಗಡ್ಡೆ ತಿಂದು ನಾಲಿಗೆ ಸತ್ತಿದೆ ಎಂದರು. ಮೀಟಿಂಗಿನಲ್ಲಿ ಯಾರ ಜೊತೆ ಜಟಾಪಟಿ ಆಯಿತು ಎನ್ನುವುದನ್ನೂ ಹೇಳಿದರು. ಎದುರಿಗೆ ಕೂತಾಗ ಹೂಂ ಉಹೂಂ ಬಿಟ್ಟು ಆಡದ ಮನುಷ್ಯ ಇವರೇನಾ ಅನ್ನಿಸಿತು. ಆಮೇಲೆ ಇಸ್ತ್ರಿಗೆ ಒಂದು ಫೋನು, ವಾಷಿಂಗ್ ಮಷೀನಿಗೆ ಒಂದು ಫೋನು. ಕೇಳುವುದು ಕರೆಂಟಿನ ಲೆಕ್ಕವೇ, ಆದರೂ ಫೋನ್ ಇಟ್ಟ ಮೇಲೆ ಮನೆ ತುಂಬಿದಂತಿರುತ್ತಿತ್ತು.

ಇಷ್ಟಕ್ಕೆ ಸುಮ್ಮನಿರಬೇಕಿತ್ತು. ಆದರೆ ನನಗೆ ಹಟ. ಕರೆಂಟ್ ಉಳಿಸುವುದೆಂದರೆ ಏನು ಎಂದು ಇವರಿಗೆ ತೋರಿಸಿಯೇ ಬಿಡುತ್ತೇನೆ ಎಂದು ಹೊರಟೆ. ಟಿವಿಯ ಕೆಂಪು ಚುಕ್ಕೆ ಆರಿಸಿದೆ. ಪ್ಲಗ್ಗುಗಳನ್ನು ಕಿತ್ತೆ. ಬಟ್ಟೆಯನ್ನು ತಣ್ಣೀರಿಗೆ ಹಾಕಿದೆ. ಉಳಿದದ್ದು ರೊಟ್ಟಿ. ಅದಕ್ಕೆ ನಮ್ಮ ಕಡೆಯ ಉಪಾಯ ಇದ್ದೇ ಇದೆ: ಕಡಕ್ ರೊಟ್ಟಿ. ಶನಿವಾರ ಒಮ್ಮೆ ಹಂಚು ಕಾಯಿಸಿ, ಕಾದ ಹಂಚು ಆರಲು ಬಿಡದೆ ವಾರಕ್ಕಾಗುವಷ್ಟು ಬಡಿದು, ತೆಳ್ಳಗೆ ಒಣಗಿಸಿ ಬುಟ್ಟಿಯಲ್ಲಿ ಪೇರಿಸಿಟ್ಟೆ. ಬಡಿಯುವ ಸದ್ದಿಗೆ ಕೆಳಗಿನ ಮನೆಯ ಅಜ್ಜಿ ಮೇಲೆ ಬಂದು, ಗೋಡೆ ಒಡೆಯುತ್ತಿದ್ದೀಯಾ ಎಂದು ಕೇಳಿದರು. ಒಂದು ರೊಟ್ಟಿ ಕೊಟ್ಟು ಕಳಿಸಿದೆ. ವಾರದ ಉಳಿದ ದಿನ ಶೇಂಗಾ ಚಟ್ನಿ, ಮೊಸರು, ಮುರಿದ ರೊಟ್ಟಿ. ಒಲೆಯ ಗೊಡವೆಯೇ ಇಲ್ಲ.

“ಶಾಣ್ಯಾಕಿ ಅದಿ ಬಿಡು,” ಎಂದು ಮೆಸೇಜ್ ಬಂತು. ಹಿಗ್ಗಿದೆ.

ಆಮೇಲೆ ಫೋನ್ ನಿಂತಿತು. ಗೆರೆ ಏಳದಿದ್ದರೆ ಅವರಿಗೆ ಕೇಳಲು ಏನೂ ಇಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಮಧ್ಯಾಹ್ನ ಬೇಕಂತಲೇ ಕೆಟಲ್ ತುಂಬ ನೀರು ಕಾಯಿಸಿದೆ, ಚಹಾ ಬೇಕಿರಲಿಲ್ಲ. ಫೋನ್ ಬರಲಿಲ್ಲ. ಪ್ರಾಜೆಕ್ಟಿನ ಗಡಿಬಿಡಿ ಇರಬೇಕು ಎಂದುಕೊಂಡು ಬಿಸಿನೀರಿನಲ್ಲಿ ಪಾತ್ರೆ ತೊಳೆದೆ. ನಾನಾಗಿಯೇ ಫೋನ್ ಮಾಡಿದರೆ “ಮೀಟಿಂಗ್ ಐತಿ, ಆಮ್ಯಾಲ ಮಾಡ್ತೇನಿ” ಎನ್ನುತ್ತಿದ್ದರು. ಆ ಆಮೇಲೆ ಬರುತ್ತಿರಲಿಲ್ಲ.

ಚಳಿಗಾಲ ಶುರುವಾಗುವ ಹೊತ್ತಿಗೆ ನನಗೆ ಜ್ವರ ಬಂತು. ಬೆಳಿಗ್ಗೆ ಎದ್ದು ಕೂತರೆ ತಲೆ ತಿರುಗಿತು, ಮತ್ತೆ ಮಲಗಿದೆ. ಚಹಾ ಇಲ್ಲ, ದೀಪ ಇಲ್ಲ, ಬಿಸಿನೀರಿಲ್ಲ. ಮಲಗಿದಲ್ಲಿಂದಲೇ ಆಪ್ ತೆರೆದು ನೋಡಿದೆ. ಗೆರೆ ನೆಲ ಹಿಡಿದಿತ್ತು; ಫ್ರಿಜ್ಜು ಮಾತ್ರ ಆಗಾಗ ಎದ್ದು ಮಲಗುತ್ತಿತ್ತು. ಮನೆಯಲ್ಲಿ ಎಚ್ಚರಿರುವುದು ಅದೊಂದೇ.

ಅಂದು ನಾನು ಫೋನ್ ಮಾಡಲಿಲ್ಲ. ಹಟವಲ್ಲ, ನನಗೊಂದು ಸಂಗತಿ ತಿಳಿಯಬೇಕಿತ್ತು. ಗುಡ್ಡ ಎದ್ದರೆ ಕೇಳುವ ಮನುಷ್ಯ, ಇಡೀ ದಿನ ಏನೂ ಏಳದಿದ್ದರೆ ಕೇಳುತ್ತಾರೋ ಇಲ್ಲವೋ? ಬೆಳಗಿನ ಚಹಾ ಕೂಡ ಆಗಿಲ್ಲ ಎಂದು ಅವರಿಗೆ ಕಾಣದೆ ಇರುತ್ತದೆಯೇ? ಈಗ ನೋಡುತ್ತಾರೆ, ಊಟದ ಹೊತ್ತಿಗೆ ನೋಡುತ್ತಾರೆ ಎಂದು ಕಾದೆ. ಕಿಟಕಿಯಾಚೆ ಟ್ರಾಮು ಏರು ಹತ್ತಿ ಹೋಗುತ್ತಿತ್ತು, ಇಳಿದು ಬರುತ್ತಿತ್ತು. ಬಾಯಿ ಒಣಗಿತ್ತು. ಇಷ್ಟು ವರ್ಷ ಸಂಸಾರ ಮಾಡಿ ಒಂದು ಗೆರೆಯ ಕಡೆಯಿಂದ ಗುರುತು ಹಿಡಿಸಿಕೊಳ್ಳಲು ಕಾಯುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಆದರೂ ಕಾದೆ.

ಕತ್ತಲಾಗುತ್ತಿದ್ದಂತೆ ಫೋನ್ ಸದ್ದು ಮಾಡಿತು. ಮೆಸೇಜು. ಆಪ್‌ನ ಚಿತ್ರ ತೆಗೆದು ಕಳಿಸಿದ್ದರು, ಕೆಳಗೆ ಬರೆದಿದ್ದರು: “ಇವತ್ತಿನಷ್ಟ ಕಮ್ಮಿ ಯಾವತ್ತೂ ಆಗಿದ್ದಿಲ್ಲ. ಭೇಷ್.” ಹೆಬ್ಬೆರಳು ಮೇಲೆತ್ತಿದ ಗುರುತು ಬೇರೆ.

ಅಳು ಬಂತು. ಸಿಟ್ಟು ಅದಕ್ಕಿಂತ ಹೆಚ್ಚು ಬಂತು. ಫೋನ್ ಹಚ್ಚಿದೆ. ಈ ಸಲ ಎತ್ತಿಕೊಂಡರು.

“ಜ್ವರ ಬಂದೈತ್ರಿ. ಮುಂಜಾನಿಂದ ಎದ್ದಿಲ್ಲ.”

“ಮತ್ತ ಹೇಳಬಾರದೇನ?” ಎಂದರು. ದನಿ ಸಣ್ಣದಾಗಿತ್ತು.

“ನೀವ ನೋಡಾಕತ್ತಿದ್ರಲ್ಲ,” ಎಂದೆ.